ಹುಳಿಪುಡಿಯ ಕೋಣೆ

ಆ ಬೆಳಗ್ಗೆ ಕಾರ್ಖಾನೆಯ ಲ್ಯಾಬಿನಲ್ಲಿ ಅವಳ ಕೈ ಎರಡು ಸಲ ತಪ್ಪಿತು. ಬ್ಯೂರೆಟ್ಟಿನ ಸಪೂರ ಕೊಳವೆಯಿಂದ ಕ್ಷಾರದ ನೀರು ಹನಿಹನಿಯಾಗಿ ಕೆಳಗಿನ ಗಾಜಿನ ಕುಪ್ಪಿಗೆ ಬೀಳಬೇಕು, ಬಿದ್ದ ಕಡೆ ಗುಲಾಬಿ ಬಣ್ಣ ಮೂಡಿ ಕುಪ್ಪಿ ಅಲುಗಿಸಿದೊಡನೆ ಅಳಿಸಿಹೋಗಬೇಕು, ಮತ್ತೆ ಮೂಡಬೇಕು, ಮತ್ತೆ ಅಳಿಯಬೇಕು, ಕೊನೆಗೆ ಒಂದೇ ಒಂದು ಹನಿಗೆ ಇಡೀ ನೀರು ಮಗುವಿನ ಉಗುರಿನಷ್ಟು ತೆಳುವಾಗಿ ಕೆಂಪೇರಿ ಹಾಗೇ ನಿಂತುಬಿಡಬೇಕು. ಆ ಹನಿಗೆ ಕೈ ನಿಲ್ಲಿಸುವುದೇ ಈ ಕೆಲಸದ ವಿದ್ಯೆ. ಇಪ್ಪತ್ತೆರಡು ವರ್ಷ ಪಳಗಿದ ಕೈ ಇವತ್ತು ಆ ಹನಿಯನ್ನು ದಾಟಿ ಮೂರು ಹನಿ ಮುಂದೆ ಹೋಗಿತ್ತು. ನೀರು ಬಣ್ಣ ಬಳಿದುಕೊಂಡ ಕೆನ್ನೆಯ ಹಾಗೆ ಕಡುಗೆಂಪಾಗಿ ಅಸಹ್ಯವಾಗಿ ಕಾಣುತ್ತಿತ್ತು. ಅದನ್ನು ಬಚ್ಚಲಿಗೆ ಚೆಲ್ಲಿ, ಮತ್ತೆ ಪುಡಿ ತೂಗಿ, ಕರಗಿಸಿ, ಹನಿಸಿದರೆ ಮತ್ತೆ ಅದೇ ಕತೆ. ಕಾರಣ ಅವಳಿಗೆ ಗೊತ್ತಿತ್ತು. ಕಾರಣ ತಕ್ಕಡಿಯ ಪಕ್ಕದಲ್ಲಿ, ಗಾಜಿನ ಗುಂಡಿನ ಕೆಳಗೆ, ಎರಡಾಗಿ ಮಡಚಿಕೊಂಡು ಕೂತಿತ್ತು.

ಅದು ಮ್ಯಾನೇಜರು ಬೆಳಗ್ಗೆ ಗೇಟಿನಲ್ಲೇ ಅಡ್ಡಹಾಕಿ ಕೊಟ್ಟ ಹಾಳೆ. ಆ ಮನುಷ್ಯನಿಗೆ ಹಲ್ಲು ಬಿಡದೆ ಮಾತಾಡುವುದೇ ಗೊತ್ತಿರಲಿಲ್ಲ. ಕೆಲಸದಿಂದ ತೆಗೆಯುವಾಗಲೂ ನಗುತ್ತಲೇ ತೆಗೆಯುತ್ತಾರೆಂದು ಕಾರ್ಖಾನೆಯ ಹೆಂಗಸರು ಅವರಿಗೆ ‘ಜಾಹೀರಾತು’ ಎಂದು ಹೆಸರಿಟ್ಟಿದ್ದರು. ‘ಮೇಡಂ, ಹನ್ನೊಂದಕ್ಕೆ ದಂತ ಶಿಬಿರ, ಮರ್ತಿಲ್ಲ ತಾನೆ? ಡಾಕ್ಟ್ರು ನಿನ್ನೆಯಿಂದ ಎರಡೂ ಪಾಳಿಯವ್ರನ್ನ ಒಬ್ಬೊಬ್ಬರ್ನೇ ನೋಡ್ತಿದಾರೆ. ಆಮೇಲೆ ಬ್ರಶ್ಶು, ಪೇಸ್ಟು ಹಂಚ್ತೀವಿ. ನೀವು ಎರಡು ಮಾತಾಡ್ಬಿಡಿ. ಹೆಂಗಸ್ರಿಗೆ ಹೆಂಗಸ್ರು ಹೇಳಿದ್ರೆ ನಾಟತ್ತೆ. ಮೂರು ಗಂಟೆಗೆ ಎರಡನೇ ಪಾಳಿಯವ್ರಿಗೂ ಒಂದ್ಸಲ, ಅಷ್ಟೆ.’ ಏನು ಮಾತಾಡಬೇಕೆಂದು ಅವಳು ಕೇಳುವ ಮೊದಲೇ ಹಾಳೆ ಕೈಗೆ ಬಂದಿತ್ತು. ಲ್ಯಾಬಿಗೆ ಬಂದು ಬಿಚ್ಚಿ ನೋಡಿದಳು. ‘ಸಿಟ್ರಿಕ್ ಆಮ್ಲವು ನಿಂಬೆ, ಕಿತ್ತಳೆಗಳಲ್ಲಿ ಸಹಜವಾಗಿಯೇ ಇರುವಂಥದ್ದು. ನಮ್ಮ ದೇಹದ ಕಣಕಣವೂ ದಿನನಿತ್ಯ ಅದನ್ನು ತಯಾರಿಸಿಕೊಳ್ಳುತ್ತದೆ. ಆದ್ದರಿಂದ ಹೆದರಬೇಕಾದ ಕಾರಣವಿಲ್ಲ.’ ಓದುತ್ತಿದ್ದ ಹಾಗೆ ಕಿವಿ ಬಿಸಿಯಾಯಿತು. ‘ಇರುವಂಥದ್ದು’ ಎಂದು ಬರೆಯುವವರು ಈ ಕಾರ್ಖಾನೆಯಲ್ಲಿ ಇನ್ಯಾರೂ ಇರಲಿಲ್ಲ. ಅದು ಅವಳ ಮಾತು. ಏಳು ವರ್ಷದ ಹಿಂದೆ ಅವಳೇ ಬರೆದು, ಸಹಿ ಹಾಕಿ ಕೊಟ್ಟದ್ದು. ಯಾರೋ ಬೀರುವಿನಿಂದ ತೆಗೆದು ಧೂಳು ಕೊಡವಿ ಅವಳ ಬಾಯಿಗೇ ವಾಪಸು ತುರುಕುತ್ತಿದ್ದರು.

ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದದ್ದು ಹುಳಿ ಮಿಠಾಯಿ. ಮಕ್ಕಳು ಬಾಯಿಗಿಟ್ಟೊಡನೆ ಒಂದು ಕಣ್ಣು ಮುಚ್ಚಿ ಮುಖ ಕಿವುಚಿ ಆಮೇಲೆ ಇನ್ನೊಂದು ಕೊಡು ಎಂದು ಕೈ ಚಾಚುತ್ತಾರಲ್ಲ, ಅದು. ಮಿಠಾಯಿಯ ಒಳಗೆ ಬರೀ ಸಕ್ಕರೆ, ಮಜವೆಲ್ಲ ಮೇಲೆ ಹತ್ತಿದ ಬಿಳಿಯ ಪುಡಿಯಲ್ಲಿ. ಹಿಂದಿನ ಕಟ್ಟಡದ ಒಂದು ಉದ್ದನೆಯ ಕೋಣೆಯಲ್ಲಿ ಆರು ತಾಮ್ರದ ಡ್ರಮ್ಮುಗಳು ವಾರೆಯಾಗಿ ತಿರುಗುತ್ತವೆ. ಹೆಂಗಸರು ಅವುಗಳ ಬಾಯಿಯ ಮುಂದೆ ನಿಂತು ಸಕ್ಕರೆ ಬೆರೆಸಿದ ಸಿಟ್ರಿಕ್ ಪುಡಿಯನ್ನು ಮೊಗೆಮೊಗೆದು ಎರಚುತ್ತಾರೆ. ಅರ್ಧ ಮಿಠಾಯಿಗೆ ಅಂಟುತ್ತದೆ, ಉಳಿದದ್ದು ಗಾಳಿಗೆ. ಅದಕ್ಕೆ ಎಲ್ಲರೂ ಹುಳಿಪುಡಿಯ ಕೋಣೆ ಎನ್ನುತ್ತಿದ್ದರು. ಅಲ್ಲಿ ಎರಡು ವರ್ಷ ನಿಂತವರ ಮುಂದಿನ ಹಲ್ಲಿನ ಅಂಚು ಗಾಜಿನ ಹಾಗೆ ಪಾರದರ್ಶಕವಾಗುತ್ತದೆ. ನಾಲ್ಕು ವರ್ಷಕ್ಕೆ ಹಳೆಯ ಪಿಂಗಾಣಿ ಬಟ್ಟಲಿನ ಅಂಚಿನಂತೆ ಚಕ್ಕೆ ಏಳುತ್ತದೆ. ಆಮೇಲೆ ತಣ್ಣೀರು ಕುಡಿದರೂ ತಲೆಯವರೆಗೆ ಜುಂ ಎನ್ನುತ್ತದೆ. ಹೋದ ತಿಂಗಳು ಒಬ್ಬಳು ಊಟದ ಹೊತ್ತಿನಲ್ಲಿ ಬ್ರೆಡ್ಡಿನ ಅಂಚು ಕಚ್ಚಿದ್ದೇ ತಡ, ಅರ್ಧ ಹಲ್ಲು ಬ್ರೆಡ್ಡಿನಲ್ಲೇ ಉಳಿದುಕೊಂಡಿತ್ತು. ‘ಕಡಲೆ ಇದ್ದಾಗ ಹಲ್ಲಿಲ್ಲ ಅಂತಾರೆ, ನಮಗೆ ಬ್ರೆಡ್ಡಿಗೂ ಗತಿಯಿಲ್ಲ’ ಎಂದು ಅವಳು ಬಾಯಿಗೆ ಸೆರಗು ಮುಚ್ಚಿ ನಕ್ಕಿದ್ದಳಂತೆ. ಆ ನಗು ಹೇಗೋ ಕಾರ್ಮಿಕ ಇಲಾಖೆಯ ಕಿವಿಗೆ ಬಿದ್ದಿತ್ತು. ಅದಕ್ಕೇ ಈ ಶಿಬಿರ.

ಮೂರನೇ ಸಲ ಅವಳು ಪುಡಿ ತೂಗಿದಳು. ಹೊಸದಾಗಿ ಸೇರಿದವರಿಗೆ ಪಾಠ ಹೇಳುವಾಗ ಅವಳಿಗೆ ಈ ಆಮ್ಲದ ಮೇಲೆ ಒಂದು ಬಗೆಯ ಹೆಮ್ಮೆಯಿರುತ್ತಿತ್ತು. ವಿನೆಗರಿನ ಆಮ್ಲಕ್ಕೆ ಹುಳಿ ಕೊಡುವ ಕಾರ್ಬಾಕ್ಸಿಲ್ ಗುಂಪು ಒಂದೇ, ಒಂದು ತುತ್ತು ಕ್ಷಾರ ಕೊಟ್ಟರೆ ಸುಮ್ಮನಾಗುತ್ತದೆ. ಇದಕ್ಕೆ ಮೂರು, ಮೂರು ತುತ್ತು ಕೊಡುವ ತನಕ ಹಸಿವು ತೀರುವುದಿಲ್ಲ. ಇದರ ದಾಯಾದಿಗಳೂ ಇದ್ದಾರೆ, ಕಬ್ಬಿನ ರಸದಲ್ಲಿರುವ ಅಕೋನಿಟಿಕ್ ಆಮ್ಲ, ಹೀಗೆ. ಆದರೆ ಇದರಷ್ಟು ಊರಿಗೆ ಬೇಕಾದವರು ಯಾರೂ ಇಲ್ಲ. ಈಗಂತೂ ನಿಂಬೆ ಹಿಂಡಿ ಮಾಡುವುದಲ್ಲ, ಸಕ್ಕರೆ ಕಾರ್ಖಾನೆಯ ಕಾಕಂಬಿಯ ಮೇಲೆ ಕಪ್ಪು ಬೂಷ್ಟು ಬೆಳೆಸಿ ತೆಗೆಯುವುದು. ಜಾಮಿಗೆ ಇದು, ನೀರಿಗೆ ಹಾಕಿದರೆ ಬುಸ್ಸೆನ್ನುವ ಮಾತ್ರೆಗೆ ಇದು, ಬಾಯ್ಲರಿನೊಳಗೆ ಕಟ್ಟಿದ ಸುಣ್ಣ ಬಿಡಿಸಲು ಇದು, ರಕ್ತದ ಚೀಲದಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಕಾಯುವುದೂ ಇದರ ಉಪ್ಪೇ. ತಂಗಿಯ ಹೆರಿಗೆಯಲ್ಲಿ ರಕ್ತ ನಿಲ್ಲದೆ ಹೋಗಿ ಡಾಕ್ಟರರು ಓಡಾಡುತ್ತಿದ್ದಾಗ, ಮಂಚದ ತಲೆದೆಸೆಯಲ್ಲಿ ಒಂದರ ಹಿಂದೊಂದು ನಾಲ್ಕು ಚೀಲ ತೂಗುಹಾಕಿದ್ದರು. ಅವಳು ಚೀಲದ ಮೇಲಿನ ಸಣ್ಣ ಅಕ್ಷರ ಓದಿ, ಗೋಡೆಗೊರಗಿ ನಿಂತಿದ್ದ ತಂಗಿಯ ಗಂಡನಿಗೆ ವಿವರಿಸಿದ್ದಳು: ‘ನೋಡಿ, ನಮ್ಮ ಕಾರ್ಖಾನೆಗೆ ಬರೋ ಪುಡಿಯ ಉಪ್ಪೇ ಇದರಲ್ಲೂ ಇರೋದು. ರಕ್ತದಲ್ಲಿರೋ ಸುಣ್ಣದ ಅಂಶಾನ ಹಿಡ್ಕೊಂಡ್ಬಿಡತ್ತೆ, ಅದಕ್ಕೇ ಗಟ್ಟಿಯಾಗಲ್ಲ.’ ಅವನು ಮಿಕಮಿಕ ನೋಡಿದ್ದ. ಹೆಂಡತಿ ಸಾಯುತ್ತಿರುವಾಗ ಪಾಠ ಹೇಳುವ ಈ ಹೆಂಗಸು ಯಾರು ಎಂದು ಅವನಿಗೆ ಅನ್ನಿಸಿರಬೇಕು. ತಂಗಿ ಹೇಗೋ ಉಳಿದುಕೊಂಡಳು. ಸುಣ್ಣವನ್ನು ಹಿಡಿದುಕೊಂಡುಬಿಡುತ್ತದೆ. ಆ ಮಾತನ್ನು ಅವಳು ಅಂದು ಎಷ್ಟು ಸಲೀಸಾಗಿ ಹೇಳಿದ್ದಳು!

ಏಳು ವರ್ಷದ ಹಿಂದಿನ ಆ ವರದಿ ಮೊದಲು ಒಂದು ಪುಟದ್ದಾಗಿರಲಿಲ್ಲ. ಅವಳು ಮೂರು ದಿನ ಹುಳಿಪುಡಿಯ ಕೋಣೆಯ ಹೆಂಗಸರ ಕತ್ತಿನ ಬಳಿ ಸಣ್ಣ ಪಂಪು ಸಿಕ್ಕಿಸಿ, ಅವರು ಉಸಿರಾಡುವ ಗಾಳಿಯ ಪುಡಿಯನ್ನು ಸೋಸುಕಾಗದದಲ್ಲಿ ಹಿಡಿದು, ತೂಗಿ, ಹತ್ತು ಜನರ ಬಾಯಿಯ ಚಿತ್ರ ಬರೆದು, ಏಳು ಪುಟ ಬರೆದಿದ್ದಳು. ಒಂದೊಂದು ಡ್ರಮ್ಮಿನ ಮೇಲೂ ಧೂಳು ಹೀರುವ ಕೊಳವೆ ಬೇಕು, ಅದಾಗುವ ತನಕ ಈ ಕೋಣೆ ನಿಲ್ಲಿಸಬೇಕು ಎಂದು ಕೊನೆಯ ಸಾಲು. ಆಗಿನ ಮ್ಯಾನೇಜರು ವಯಸ್ಸಾದವರು, ಸಭ್ಯರು; ಕುರ್ಚಿ ಎಳೆದುಕೊಟ್ಟು, ಕಾಫಿ ತರಿಸಿ, ಏಳೂ ಪುಟ ಕನ್ನಡಕ ಹಾಕಿಕೊಂಡು ಓದಿದರು. ‘ತುಂಬ ಚೆನ್ನಾಗಿ ಬರ್ದಿದೀರಮ್ಮ. ಆದ್ರೆ ಇದನ್ನ ಓದೋರು ನಿಮ್ಮಷ್ಟು ಓದಿದೋರಲ್ಲ, ಗಾಬರಿ ಬೀಳ್ತಾರೆ. ಸ್ವಲ್ಪ ಮೆತ್ತಗೆ ಮಾಡಿ’ ಎಂದರು. ಅಷ್ಟೆ. ಯಾರೂ ಹೆದರಿಸಲಿಲ್ಲ, ಯಾರೂ ಆಮಿಷ ತೋರಿಸಲಿಲ್ಲ. ಹೆದರಿಸಿದ್ದರೆ ಇವತ್ತು ಅದನ್ನಾದರೂ ಹಿಡಿದುಕೊಂಡು ಬದುಕಬಹುದಿತ್ತು. ಮೆತ್ತಗೆ ಮಾಡಿ ಎಂದದ್ದಕ್ಕೆ ಅವಳು ಮೆತ್ತಗಾದಳು. ಏಳು ಪುಟ ಒಂದಾಯಿತು, ಒಂದರಲ್ಲಿ ನಿಂಬೆ, ಕಿತ್ತಳೆ ಬಂದವು. ಆ ವರ್ಷವೇ ಅವಳು ಲ್ಯಾಬಿನ ಮುಖ್ಯಸ್ಥೆಯಾದದ್ದು ಆ ಕಾಗದದ ದೆಸೆಯಿಂದಲೋ ಅಲ್ಲವೋ, ಇವತ್ತಿಗೂ ಅವಳಿಗೆ ಗೊತ್ತಿಲ್ಲ. ಗೊತ್ತಿಲ್ಲದಿರುವುದೇ ಹೆಚ್ಚು ಉರಿಯುತ್ತಿತ್ತು. ಅದರ ಮರುವರ್ಷ ತಂಗಿಯ ಗಂಡ ಹೇಳದೆ ಕೇಳದೆ ಮನೆ ಬಿಟ್ಟು ಹೋದ. ತಂಗಿಗೆ ಒಂದು ಕೆಲಸ ಬೇಕಾಯಿತು. ‘ಪುಡಿ ಕೋಣೇಲಿ ಮಾತ್ರ ಜಾಗ ಇದೆ’ ಎಂದರು ಅದೇ ಸಭ್ಯ ಮ್ಯಾನೇಜರು. ‘ಭಾರ ಎತ್ತೋ ಕೆಲಸ ಅಲ್ಲ, ನೆರಳಲ್ಲಿ ನಿಂತಿರೋದು’ ಎಂದು ಅವಳು ತಂಗಿಗೆ ಹೇಳಿದಳು. ಮೂರೋ ನಾಲ್ಕೋ ತಿಂಗಳು, ಆಮೇಲೆ ಪ್ಯಾಕಿಂಗಿಗೆ ಹಾಕಿಸಿದರಾಯಿತು ಎಂದುಕೊಂಡಳು. ತಿಂಗಳುಗಳು ಅದೆಲ್ಲಿ ಹೋದವೋ! ಈಗ ತಂಗಿ ನಗುವಾಗ ಅಂಗೈ ತಾನಾಗಿ ಬಾಯಿಗೆ ಹೋಗುತ್ತದೆ.

ಹನ್ನೊಂದಕ್ಕೆ ಡ್ರಮ್ಮುಗಳನ್ನು ನಿಲ್ಲಿಸಿದರು. ಊಟದ ಹಾಲಿನಲ್ಲಿ ಬೆಂಚುಗಳನ್ನು ಸಾಲಾಗಿ ಇಟ್ಟು, ಎದುರಿಗೆ ಮೇಜು, ಮೇಜಿನ ಮೇಲೆ ಬ್ರಶ್ಶಿನ ಪೊಟ್ಟಣಗಳ ಗುಡ್ಡೆ. ಹಲ್ಲಿನ ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನವನು, ಮೆದುಮಾತಿನವನು. ಪ್ಲಾಸ್ಟಿಕ್ಕಿನ ದೊಡ್ಡ ದವಡೆಯೊಂದನ್ನು ಅಂಗೈಲಿಟ್ಟುಕೊಂಡು ಬ್ರಶ್ಶನ್ನು ಹೇಗೆ ಆಡಿಸಬೇಕೆಂದು ತೋರಿಸಿದ. ನಲವತ್ತು ಹೆಂಗಸರು, ಅವರಲ್ಲಿ ಮೊಮ್ಮಕ್ಕಳನ್ನು ಕಂಡವರೂ ಇದ್ದರು, ಮಕ್ಕಳ ಹಾಗೆ ಕೂತು ನೋಡಿದರು. ಆಮೇಲೆ ಅವನು ಪಟ್ಟಿ ಹಿಡಿದು, ಹೆಸರಿನ ಬದಲು ಟೋಕನ್ ನಂಬರು ಕೂಗಿ, ಒಬ್ಬೊಬ್ಬರ ಫಲಿತಾಂಶ ಓದಿದ. ಬಾಯಿಯ ಸ್ವಚ್ಛತೆ ಸಾಧಾರಣ. ಬಾಯಿಯ ಸ್ವಚ್ಛತೆ ಕಳಪೆ. ಕಳಪೆ. ಸಾಧಾರಣ. ಕಳಪೆ. ಪ್ರತಿ ಸಲ ‘ಕಳಪೆ’ ಎಂದಾಗಲೂ ಬೆಂಚಿನ ಮೇಲೆ ಯಾರೋ ಒಬ್ಬರ ಬೆನ್ನು ಒಂದಿಷ್ಟು ಬಾಗುತ್ತಿತ್ತು. ಅವಳು ಮೇಜಿನ ಈಚೆ ಕುರ್ಚಿಯಲ್ಲಿ, ಮ್ಯಾನೇಜರ ಪಕ್ಕದಲ್ಲಿ, ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಮೂರನೇ ಸಾಲಿನಲ್ಲಿದ್ದ ತಂಗಿಯನ್ನು ನೋಡದಿರಲು ಎದುರಿನ ಗೋಡೆಯ ಗಡಿಯಾರ ನೋಡುತ್ತಿದ್ದಳು.

ಅವಳ ಸರದಿ ಬಂತು. ಮೈಕು ಹಿಡಿದು ಓದತೊಡಗಿದಳು. ನಿಂಬೆ ಬಂತು, ಕಿತ್ತಳೆ ಬಂತು, ದೇಹದ ಕಣಕಣ ಬಂತು. ‘ದಿನಕ್ಕೆ ಎರಡು ಸಲ ತಪ್ಪದೆ ಹಲ್ಲುಜ್ಜಿದರೆ’ ಎಂಬಲ್ಲಿಗೆ ಬಂದಾಗ ಮೂರನೇ ಸಾಲಿನಲ್ಲಿ ಯಾರೋ ಎದ್ದು ನಿಂತದ್ದು ಕಂಡಿತು.

‘ಡಾಕ್ಟ್ರೇ, ನನ್ನ ನಂಬರು ನಲವತ್ತೇಳು. ನಂದು ಏನಂತ ಬರ್ದಿದೀರಿ?’

ಡಾಕ್ಟರು ಪಟ್ಟಿ ನೋಡಿದ. ‘ಕಳಪೆ ಅಂತಿದೆ. ಸರಿಯಾಗಿ ಉಜ್ಜಿದ್ರೆ ಇಷ್ಟು ಹಾಳಾಗ್ತಿರ್ಲಿಲ್ಲ.’

‘ನಂಗೆ ಹಲ್ಲುಜ್ಜೋದು ಹೇಳ್ಕೊಟ್ಟಿದ್ದೇ ಇವ್ಳು’ ಎಂದಳು ತಂಗಿ, ಬೆರಳನ್ನು ನೇರ ಮೇಜಿನ ಕಡೆ ಚಾಚಿ. ಅವಳ ಅಂಗೈ ಈ ಸಲ ಬಾಯಿಗೆ ಹೋಗಿರಲಿಲ್ಲ. ‘ಬೇಕಾದ್ರೆ ಕೇಳಿ. ನೂರು ಎಣಿಸೋ ತನಕ ಉಗೀಬಾರ್ದು ಅಂತಿದ್ಲು. ಇವತ್ತಿಗೂ ಬೆಳಗ್ಗೆ ನೂರು, ರಾತ್ರಿ ನೂರು ಎಣಿಸ್ತೀನಿ. ಹೇಳು ಅಕ್ಕ, ನಾನು ಉಜ್ಜಲ್ವಾ? ಹೇಳು ಇವ್ರಿಗೆ.’

ಮೈಕು ಹಿಡಿದವಳ ಕಣ್ಣ ಮುಂದೆ ಚಿಕ್ಕಂದಿನ ಮನೆಯ ಒಂದು ಬೋರಲು ಹಾಕಿದ ಬಕೆಟ್ಟು ಬಂತು. ಬಟ್ಟೆ ಒಗೆಯುವ ಕಾರ್ಖಾನೆಗೆ ಅಮ್ಮ ನಸುಕಿನಲ್ಲೇ ಹೋಗಿಬಿಡುತ್ತಿದ್ದಳು. ಒಂಬತ್ತು ವರ್ಷದ ಅವಳು ನಾಲ್ಕು ವರ್ಷದ ತಂಗಿಯನ್ನು ಆ ಬಕೆಟ್ಟಿನ ಮೇಲೆ ನಿಲ್ಲಿಸಿ, ಗಲ್ಲ ಹಿಡಿದುಕೊಂಡು ಎಣಿಸುತ್ತಿದ್ದಳು. ಎಪ್ಪತ್ತರ ಹತ್ತಿರ ತಂಗಿಯ ಬಾಯಿ ತುಂಬಿ ನೊರೆ ಮೊಣಕೈ ತನಕ ಇಳಿಯುತ್ತಿತ್ತು, ಆದರೂ ಉಗಿಯುತ್ತಿರಲಿಲ್ಲ, ಕಣ್ಣರಳಿಸಿಕೊಂಡು ನೂರಕ್ಕೆ ಕಾಯುತ್ತಿದ್ದಳು. ಪಕ್ಕದಲ್ಲಿ ಮ್ಯಾನೇಜರು ನಗುತ್ತಲೇ, ತುಟಿ ಅಲುಗಿಸದೆ, ‘ಮೇಡಂ, ಮುಗಿಸ್ಬಿಡಿ’ ಎಂದರು. ಅವಳು ಮೈಕಿನೊಳಗೆ ಹೇಳಿದಳು:

‘ನೀವು ದಯವಿಟ್ಟು ಕೂತ್ಕೊಳ್ಳಿ. ವೈಯಕ್ತಿಕ ವಿಷ್ಯ ಆಮೇಲೆ ಮಾತಾಡೋಣ.’

ನೀವು. ಒಡಹುಟ್ಟಿದವಳಿಗೆ ನೀವು. ಬೆಂಚುಗಳ ಹಿಂದಿನಿಂದ ಯಾರೋ ಕಿಸಕ್ಕೆಂದರು. ತಂಗಿಯ ಮುಖದಲ್ಲಿ ಸಿಟ್ಟು ಇದ್ದದ್ದು ಇದ್ದ ಹಾಗೇ ಆರಿಹೋಯಿತು. ಅದರ ಜಾಗದಲ್ಲಿ ಬಂದದ್ದು ಒಂದು ಬಗೆಯ ವಿಧೇಯತೆ, ಕಚೇರಿಗಳ ಕಿಟಕಿಯ ಮುಂದೆ ಜನ ಹಾಕಿಕೊಳ್ಳುವಂಥದ್ದು. ‘ಆಯ್ತು ಮೇಡಂ’ ಎಂದು ಕೂತಳು. ಅವಳು ಉಳಿದ ನಾಲ್ಕು ಸಾಲು ಓದಿ ಮುಗಿಸಿದಳು. ಚಪ್ಪಾಳೆಯೂ ಬಿತ್ತು.

ಲ್ಯಾಬಿಗೆ ವಾಪಸಾದಾಗ ಅವಳಿಗೆ ಸಿಟ್ಟು ಬಂದದ್ದು ತಂಗಿಯ ಮೇಲೆ. ಅಷ್ಟು ಜನರ ಮುಂದೆ ಬೆರಳು ತೋರಿಸಬೇಕಿತ್ತೇ? ಮನೆಯಲ್ಲಿ ಕೇಳಬಹುದಿತ್ತಲ್ಲ. ಆಮೇಲೆ ಡಾಕ್ಟರನ ಮೇಲೆ ಬಂತು. ಓದಿದ ಕತ್ತೆ, ಮುಂದಿನ ಹಲ್ಲಿನ ಹೊರಗಡೆ ಮಾತ್ರ ಹೀಗೆ ಸವೆದರೆ ಅದು ಗಾಳಿಯಿಂದ ಬಂದದ್ದೆಂದು ಅವನಿಗೆ ಗೊತ್ತಿರದೆ ಇದ್ದೀತೆ? ಆಮೇಲೆ ಜಾಹೀರಾತಿನ ಮೇಲೆ, ಕಾಫಿ ತರಿಸಿಕೊಟ್ಟ ಆ ಸಭ್ಯನ ಮೇಲೆ, ಹಾಗೇ ಚಪ್ಪಾಳೆ ತಟ್ಟಿದ ಹೆಂಗಸರ ಮೇಲೆ. ಒಬ್ಬೊಬ್ಬರ ಮೇಲೂ ಸ್ವಲ್ಪ ಹೊತ್ತು ಕೂತು ಸಿಟ್ಟು ಎದ್ದು ಬಂದುಬಿಡುತ್ತಿತ್ತು, ಕೂರಲು ಸರಿಯಾದ ಜಾಗ ಸಿಗದ ನೊಣದ ಹಾಗೆ. ಕೈ ತೊಳೆಯಲು ಹೋದವಳು ನಲ್ಲಿಯ ಮೇಲಿನ ಕನ್ನಡಿಯಲ್ಲಿ ತುಟಿ ಎತ್ತಿ ತನ್ನ ಹಲ್ಲು ನೋಡಿಕೊಂಡಳು. ಐವತ್ತರ ಹತ್ತಿರ ಬಂದರೂ ಮೂವತ್ತೆರಡಕ್ಕೆ ಮೂವತ್ತೊಂದು ಇದ್ದವು, ಜೋಡಿಸಿಟ್ಟ ಹಾಗೆ. ಅವು ತನ್ನವಲ್ಲ, ಎಲ್ಲಿಂದಲೋ ಕದ್ದು ತಂದು ಬಾಯಲ್ಲಿಟ್ಟುಕೊಂಡವು ಅನ್ನಿಸಿತು.

ಹುಳಿಪುಡಿಯ ಕೋಣೆಗೆ ಅವಳು ಕಾಲಿಟ್ಟು ಎಷ್ಟೋ ಕಾಲವಾಗಿತ್ತು. ಸ್ಯಾಂಪಲ್ಲು ಡಬ್ಬಿಯಲ್ಲಿ ಅವಳ ಮೇಜಿಗೇ ಬರುತ್ತಿತ್ತು. ಒಂದೂವರೆಗೆ ಎದ್ದು, ಅಂಗಳ ದಾಟಿ, ರಬ್ಬರಿನ ಪರದೆ ಸರಿಸಿ ಒಳಗೆ ಹೋದಳು. ಮೊದಲು ತುಟಿಗೆ ತಾಕಿತು, ಆಮೇಲೆ ಕಣ್ಣಿನ ಮೂಲೆಗೆ. ಬಾಯಲ್ಲಿ ನೀರೂರಿತು, ಅಸಹ್ಯವೆನ್ನಿಸಿದರೂ ಊರಿತು. ಕಿಟಕಿಯಿಂದ ಬಿದ್ದ ಬಿಸಿಲಿನ ಪಟ್ಟಿಯಲ್ಲಿ ಪುಡಿ ನಿಧಾನವಾಗಿ ಇಳಿಯುತ್ತಿತ್ತು, ನೋಡಲು ಚೆಂದವಾಗಿತ್ತು. ಹೆಂಗಸರ ಹುಬ್ಬು, ರೆಪ್ಪೆ ಎಲ್ಲ ಬೆಳ್ಳಗೆ. ಎಲ್ಲರೂ ಹಳೆಯ ಬಟ್ಟೆಯ ತುಂಡು ಮೂಗಿಗೆ ಕಟ್ಟಿಕೊಂಡಿದ್ದರು. ಬಾಯಿಯ ಜಾಗದಲ್ಲಿ ಬಟ್ಟೆ ಒದ್ದೆಯಾಗಿತ್ತು, ಆ ಒದ್ದೆಗೆ ಪುಡಿ ಕೂತು ಕರಗುತ್ತಿತ್ತು. ಬರಿಯ ಬಾಯಿಗಿಂತ ಇದು ಹೆಚ್ಚು ಕೆಟ್ಟದ್ದು, ದಿನಕ್ಕೆ ಎಂಟು ಗಂಟೆ ಹಲ್ಲಿನ ಮುಂದೆ ಆಮ್ಲದ ಪಟ್ಟಿ ಕಟ್ಟಿಕೊಂಡ ಹಾಗೆ ಎಂದು ಅವಳ ತಲೆ ತಾನಾಗಿ ಲೆಕ್ಕ ಹಾಕಿತು.

ತಂಗಿ ನಾಲ್ಕನೇ ಡ್ರಮ್ಮಿನ ಮುಂದಿದ್ದಳು. ತಿರುಗಿ ನೋಡದೆ, ‘ಮೇಡಂ, ಇಲ್ಲಿಗೆಲ್ಲ ಬರ್ಬೇಡಿ, ಬಟ್ಟೆ ಹಾಳಾಗತ್ತೆ’ ಎಂದಳು.

‘ಸಾಕು ಮಾಡು. ಬೆಳಗ್ಗೆ ಬಾಯಿ ತಪ್ಪಿ ಬಂತು.’

‘ಬಾಯಿ ತಪ್ಪಲಿಲ್ಲ. ನೀನು ತಪ್ಪಿದೆ.’ ತಂಗಿ ಒಂದು ಮೊಗೆ ಪುಡಿ ಎರಚಿ, ಬಟ್ಟೆ ಕೆಳಗೆಳೆದಳು. ‘ನೀನು ನಂಗೆ ನೀವು ಅಂದಾಗ ಹೆಂಗನ್ನಿಸ್ತು ಗೊತ್ತಾ? ಸತ್ತ ಮೇಲೆ ಪೇಪರಲ್ಲಿ ಶ್ರೀಮತಿ ಅಂತ ಹಾಕ್ತಾರಲ್ಲ, ಹಂಗೆ. ಬದುಕಿದ್ದಾಗ ಒಂದಿನವೂ ಯಾರೂ ಕರ್ದಿರಲ್ಲ.’

‘ನಾನು ಬರ್ದು ಕೊಡ್ತೀನಿ. ಇವತ್ತೇ ಕೂತು ಬರೀತೀನಿ. ಗಾಳೀಲಿ ಎಷ್ಟು ಪುಡಿ ಇದೆ, ಅದರಿಂದ ಏನಾಗತ್ತೆ, ಎಲ್ಲಾನೂ.’

‘ಬರೀತೀಯ. ನಿನ್ನ ಅಕ್ಷರ ಮುತ್ತಿನಂಗಿರತ್ತೆ. ಅವ್ರು ಬೀರು ಒಳಗಿಟ್ಟು ಬೀಗ ಹಾಕ್ತಾರೆ.’ ಡ್ರಮ್ಮಿನ ಸದ್ದನ್ನು ಮೀರಲು ತಂಗಿ ಕೂಗಬೇಕಾಗಿತ್ತು. ‘ಬಾಯಲ್ಲಿ ಹೇಳಕ್ಕೆ ಏನು ಧಾಡಿ? ನನ್ನ ಕೇಳಿದ್ರೆ, ಹಲ್ಲಿನ ಸಂದೀಲಿ ಗಾಳಿ ಹೋಗಿ ಮಾತು ಸೊಟ್ಟ ಬರತ್ತೆ ಅಂತೀನಿ. ನಿಂಗೆ ಹಲ್ಲೆಲ್ಲ ಇದೆಯಲ್ಲೇ.’

ಪಕ್ಕದ ಡ್ರಮ್ಮಿನವರು ಕೆಲಸ ಬಿಟ್ಟು ನೋಡುತ್ತಿದ್ದರು. ಅವಳು ಏನೋ ಹೇಳಲು ಬಾಯಿ ತೆರೆದಳು, ಪುಡಿ ಗಂಟಲಿಗೆ ಹೋಗಿ ಕೆಮ್ಮು ಬಂತು, ಕೆಮ್ಮುತ್ತಲೇ ಹೊರಗೆ ಬಂದಳು. ಎರಡೂವರೆಗೆ ಸೈರನ್ ಆಯಿತು. ತಂಗಿ ಬೇರೆಯವರ ಜೊತೆ ಗೇಟು ದಾಟಿ ರಸ್ತೆಯಾಚೆಯ ಬಸ್ ನಿಲ್ದಾಣಕ್ಕೆ ಹೋಗುವುದನ್ನು ಲ್ಯಾಬಿನ ಕಿಟಕಿಯಿಂದ ನೋಡಿದಳು. ಬ್ರಶ್ಶಿನ ಪೊಟ್ಟಣವನ್ನು ತಂಗಿ ಕಸದ ಡಬ್ಬಿಗೆ ಹಾಕಲಿಲ್ಲ, ಚೀಲಕ್ಕೆ ಹಾಕಿಕೊಂಡಳು. ಮಗಳಿಗೆ ಆದೀತೆಂದಿರಬೇಕು.

ಮೂರು ಗಂಟೆಗೆ ಅದೇ ಹಾಲು, ಅದೇ ಮೇಜು, ಅದೇ ಪ್ಲಾಸ್ಟಿಕ್ ದವಡೆ, ಬೇರೆ ನಲವತ್ತು ಹೆಂಗಸರು. ಮೊದಲ ಸಾಲಿನ ತುದಿಯಲ್ಲಿ ಸೈರನಮ್ಮ ಕೂತಿದ್ದಳು. ಸೈರನ್ ಕೂಗುವುದಕ್ಕೆ ಅರ್ಧ ಗಂಟೆ ಮೊದಲೇ ಗೇಟಿನಲ್ಲಿ ನಿಂತಿರುತ್ತಾಳೆಂದು ಅವಳಿಗೆ ಆ ಹೆಸರು. ಹುಳಿಪುಡಿಯ ಕೋಣೆಯಲ್ಲಿ ಎಲ್ಲರಿಗಿಂತ ಹಳಬಳು, ಬಾಯಲ್ಲಿ ಮುಂದಿನ ಹಲ್ಲು ಒಂದೂ ಇರಲಿಲ್ಲ. ಡಾಕ್ಟರು ಪಟ್ಟಿ ಓದಿ ಮುಗಿಸಿದ. ‘ಈಗ ಲ್ಯಾಬ್ ಮೇಡಂ ಎರಡು ಮಾತಾಡ್ತಾರೆ’ ಎಂದರು ಮ್ಯಾನೇಜರು.

ಅವಳು ಎದ್ದಳು. ಹಾಳೆ ಬಿಚ್ಚಿದಳು. ‘ಸಿಟ್ರಿಕ್ ಆಮ್ಲವು ನಿಂಬೆ, ಕಿತ್ತಳೆಗಳಲ್ಲಿ’ ಎಂದು ಶುರು ಮಾಡಿ, ನಿಂತುಬಿಟ್ಟಳು. ಧೈರ್ಯ ಬಂದು ನಿಂತದ್ದಲ್ಲ. ಆ ‘ಇರುವಂಥದ್ದು’ ಎಂಬ ಮಾತು ಮುಂದಿತ್ತು, ಅದನ್ನು ಇನ್ನೊಂದು ಸಲ ನಾಲಗೆಯ ಮೇಲೆ ತರಲು ಸಾಧ್ಯವಾಗಲಿಲ್ಲ. ಹಾಳೆಯನ್ನು ಮೇಜಿನ ಮೇಲಿಟ್ಟಳು.

‘ಇದು ನಿಂಬೆಯಲ್ಲೂ ಇದೆ, ನಿಜ. ನಿಂಬೆ ತಿಂದ್ರೆ ಉಗುಳು ಬಂದು ತೊಳ್ಕೊಂಡು ಹೋಗತ್ತೆ. ಆದ್ರೆ ನೀವು ತಿಂತಿಲ್ಲ, ಎಂಟು ಗಂಟೆ ಉಸಿರಾಡ್ತಿದೀರಿ. ನಿಮ್ಮಲ್ಲಿ ಎಷ್ಟೋ ಜನ ಕೆಟಲ್ ಒಳಗಿನ ಸುಣ್ಣ ತೆಗ್ಯಕ್ಕೆ ಅಂತ ಈ ಪುಡೀನ ಮನೆಗೆ ಒಯ್ದಿದೀರಿ.’

ಹೆಂಗಸರು ಒಬ್ಬರನ್ನೊಬ್ಬರು ನೋಡಿ ನಕ್ಕರು. ಯಾರೋ, ‘ಒಂದೇ ಒಂದು ಹಿಡಿ ಮೇಡಂ’ ಎಂದರು.

‘ಇರ್ಲಿ. ಕೆಟಲ್ ಫಳಫಳ ಹೊಳೆಯತ್ತೆ ಅಲ್ವಾ? ಯಾಕೆ? ಈ ಪುಡಿ ಸುಣ್ಣಾನ ಹಿಡ್ಕೊಂಡು ಎಳ್ಕೊಂಡು ಹೋಗತ್ತೆ. ಹಲ್ಲಲ್ಲಿ ಇರೋದೂ ಸುಣ್ಣದ ಅಂಶಾನೇ. ಕೆಟಲ್‌ದು ಹೋದಂಗೆ ನಿಮ್ಮ ಹಲ್ಲಿಂದೂ ಹೋಗ್ತಿದೆ. ನೀವು ಉಜ್ಜದೆ ಹೋದದ್ದಕ್ಕಲ್ಲ. ಇನ್ನೂ ಜಾಸ್ತಿ ಉಜ್ಜಿದ್ರೆ ಇನ್ನೂ ಬೇಗ ಹೋಗತ್ತೆ, ಮೆತ್ತಗಾಗಿರತ್ತೆ ಹಲ್ಲು.’

ಮ್ಯಾನೇಜರು ನಗುತ್ತಲೇ ಕೈ ಚಾಚಿ ಮೈಕಿನ ಗುಂಡಿ ಒತ್ತಿದರು. ದನಿ ಒಮ್ಮೆಲೇ ಸಣ್ಣದಾಯಿತು. ಅವಳು ಮೈಕು ಕೆಳಗಿಟ್ಟು ಗಟ್ಟಿಯಾಗಿ, ಗಂಟಲು ಬಿರಿಯುವ ಹಾಗೆ ಹೇಳಿದಳು: ‘ಡ್ರಮ್ಮಿನ ಮೇಲೆ ಧೂಳು ಹೀರೋ ಕೊಳವೆ ಹಾಕ್ಬೇಕು. ಹಾಕೋ ತನಕ ಆ ಕೋಣೆಗೆ ಹೋಗ್ಬೇಡಿ. ನೀವು ಕಟ್ಕೊಳ್ಳೋ ಬಟ್ಟೆ ಇನ್ನೂ ಕೆಟ್ಟದ್ದು. ಗಾಳೀಲಿರೋ ಪುಡೀನ ಪಂಪು ಇಟ್ಟು ಅಳೆದಿದ್ದೀನಿ. ಲೆಕ್ಕ ಇದೆ.’

ಡಾಕ್ಟರು ಪ್ಲಾಸ್ಟಿಕ್ ದವಡೆಯನ್ನು ಪೆಟ್ಟಿಗೆಯೊಳಗಿಟ್ಟು ಚಿಲಕ ಹಾಕಿದ. ಅವಳಿಗೆ ಎದೆಯಲ್ಲಿ ಏನೋ ಹಗುರವಾಗುತ್ತಿತ್ತು. ಹೆಂಗಸರು ಈಗ ಎದ್ದು ತನ್ನ ಕೈ ಹಿಡಿದುಕೊಳ್ಳುತ್ತಾರೆ ಎಂದು, ಒಪ್ಪಿಕೊಳ್ಳಲು ನಾಚಿಕೆಯಾದರೂ, ಕಾಯುತ್ತಿದ್ದಳು. ಸೈರನಮ್ಮ ಎದ್ದಳು.

‘ಅಳೆದಿದ್ದು ಯಾವಾಗ?’

‘ಏನು?’

‘ಪಂಪು ಇಟ್ಟಿದ್ದು. ನಂಗೆ ನೆಪ್ಪಿದೆ. ನನ್ನ ಕತ್ತಿಗೇ ಸಿಗ್ಸಿದ್ರಿ. ಆಗ ನಂಗೆ ಮುಂದಿನ ಹಲ್ಲು ನಾಲ್ಕೂ ಇದ್ವು. ಯಾವಾಗ ಅದು?’

‘ಏಳು ವರ್ಷದ ಹಿಂದೆ.’

ಸೈರನಮ್ಮ ತಲೆಯಾಡಿಸಿದಳು, ತನಗೆ ಗೊತ್ತಿದ್ದದ್ದೇ ಸರಿಯಾಯಿತು ಎಂಬ ಹಾಗೆ. ಮ್ಯಾನೇಜರ ಕಡೆ ಅವಳು ನೋಡಲೂ ಇಲ್ಲ. ‘ಅವ್ರು ಹೇಳಲ್ಲ. ಅವ್ರ ಹೊಟ್ಟೆಪಾಡು ಅದು. ನೀವು ಯಾಕೆ ಹೇಳಲಿಲ್ಲ?’ ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೊರಗೆ ನಡೆದಳು. ಅವಳ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಎದ್ದರು. ಯಾರೂ ಹುಳಿಪುಡಿಯ ಕೋಣೆಗೆ ಹೋಗಲಿಲ್ಲ. ಅಂಗಳದಲ್ಲಿ, ಗೋಡೆಯ ನೆರಳಿನಲ್ಲಿ, ಕಾಲು ಚಾಚಿ ಕೂತರು. ಡ್ರಮ್ಮುಗಳು ನಿಂತೇ ಇದ್ದವು. ಮ್ಯಾನೇಜರು ಮೊದಲ ಸಲ ಹಲ್ಲು ಮುಚ್ಚಿಕೊಂಡು ಫೋನು ಹಿಡಿದು ಒಳಗೆ ಹೋದರು.

ಅವಳು ಲ್ಯಾಬಿಗೆ ಹೋಗಬಹುದಿತ್ತು. ಕಾಲು ಅಂಗಳದ ಕಡೆ ಎಳೆಯಿತು. ನೆರಳಿನಲ್ಲಿ ಜಾಗವಿತ್ತು, ಆದರೆ ಯಾರೂ ಸರಿಯಲಿಲ್ಲ. ಎದ್ದು ಹೋಗು ಎನ್ನಲೂ ಇಲ್ಲ. ನೆರಳು ಮುಗಿದು ಬಿಸಿಲು ಶುರುವಾಗುವ ಕಡೆ ನೆಲದ ಮೇಲೆ ಕೂತಳು. ಸಿಮೆಂಟು ಕಾದಿತ್ತು.

ಬಸ್ಸು ಅವತ್ತು ತಡವಾಗಿತ್ತು. ರಸ್ತೆಯಾಚೆ ನಿಂತಿದ್ದ ಮೊದಲ ಪಾಳಿಯವರು ಅಂಗಳದಲ್ಲಿ ಜನ ಕೂತದ್ದು ಕಂಡು ಗೇಟಿನ ಹತ್ತಿರ ಬಂದರು, ಅವರಲ್ಲಿ ತಂಗಿಯೂ ಇದ್ದಳು. ಒಳಗೆ ಬಂದು, ಬಿಸಿಲಿನಲ್ಲಿ ಕೂತ ಅಕ್ಕನನ್ನು ಕಂಡು, ಏನಾಯಿತೆಂದು ಸೈರನಮ್ಮನನ್ನು ಕೇಳಿದಳು.

‘ನಿಮ್ಮಕ್ಕ ಹೇಳಿದ್ರು. ಪುಡಿಯಿಂದ್ಲೇ ಆಗಿದ್ದು ಅಂತ. ಜಾಹೀರಾತು ಎದುರಿಗೇ ಹೇಳಿದ್ರು.’

ತಂಗಿಯ ಮುಖ ಅರಳಿತು. ಅಂಗೈ ಬಾಯಿಗೆ ಹೋಗುವುದನ್ನೂ ಮರೆತು ನಕ್ಕಳು. ಆ ನಗು ಇನ್ನೂ ಮುಖದ ಮೇಲಿರುವಾಗಲೇ ಸೈರನಮ್ಮ, ‘ಏಳು ವರ್ಷದಿಂದ ಗೊತ್ತಿತ್ತಂತೆ’ ಎಂದಳು.

ತಂಗಿಗೆ ತಕ್ಷಣ ಅರ್ಥವಾಗಲಿಲ್ಲ. ನಗು ಸ್ವಲ್ಪ ಹೊತ್ತು ಹಾಗೇ ಉಳಿಯಿತು. ಆಮೇಲೆ ಬೆರಳು ಮಡಚತೊಡಗಿದಳು. ‘ನಾನು ಸೇರಿದ್ದು ಮಗಳು ಒಂದನೇ ಕ್ಲಾಸಿಗೆ ಹೋದ ವರ್ಷ. ಈಗ ಅವ್ಳು ಏಳನೇದು…’

‘ಆರು ವರ್ಷ’ ಎಂದಳು ಅವಳು. ತಂಗಿಯ ಲೆಕ್ಕ ಚಿಕ್ಕಂದಿನಲ್ಲೂ ಅಷ್ಟಕ್ಕಷ್ಟೆ. ಆಗಲೂ ಅವಳೇ ಹೇಳಿಕೊಡುತ್ತಿದ್ದಳು. ‘ನೀನು ಸೇರಿ ಆರು ವರ್ಷ. ಅದಕ್ಕೆ ಒಂದು ವರ್ಷ ಮೊದ್ಲೇ ನಂಗೆ ಗೊತ್ತಿತ್ತು.’

‘ಗೊತ್ತಿದ್ದೂ ಕರ್ಕೊಂಡು ಬಂದ್ಯಾ?’

‘ಹೂಂ.’

‘ಏನಂದ್ಕೊಂಡು ಕರ್ಕೊಂಡು ಬಂದೆ?’

‘ಬೇಗ ಬೇರೆ ಕಡೆ ಹಾಕಿಸ್ತೀನಿ ಅಂದ್ಕೊಂಡಿದ್ದೆ.’ ಇನ್ನೂ ಏನಾದರೂ ಸೇರಿಸಬಹುದೇ ಎಂದು ಹುಡುಕಿದಳು. ಸಿಗಲಿಲ್ಲ. ‘ಆಮೇಲೆ ಮರ್ತೆ.’

ತಂಗಿ ಹೊಡೆಯುತ್ತಾಳೆಂದುಕೊಂಡಳು, ಹೊಡೆದಿದ್ದರೆ ಒಳ್ಳೆಯದಿತ್ತು. ತಂಗಿ ಬೈದಳು. ಎಂಬತ್ತು ಹೆಂಗಸರ ಮುಂದೆ, ಬಾಯಿ ತುಂಬ, ಅಮ್ಮನನ್ನು ಎಳೆದು ತಂದು, ಗಂಡನನ್ನು ಎಳೆದು ತಂದು, ಓದಿಸಿದ್ದು ನಿನ್ನೊಬ್ಬಳನ್ನೇ, ಆ ಓದು ನನ್ನ ಬಾಯಿಗೆ ಮಣ್ಣು ಹಾಕಲಿಕ್ಕೇ ಎಂದು, ಮರೆಯೋಕೆ ನಾನೇನು ಛತ್ರಿಯೇ ಎಂದು, ಮಾತು ತಪ್ಪಿ ಗಾಳಿ ಹೋಗಿ ಎಂಜಲು ಹಾರುವ ಹಾಗೆ ಬೈದಳು. ಅವಳು ತಲೆ ತಗ್ಗಿಸಲಿಲ್ಲ. ಏಳೆಂಟು ಅಡಿ ದೂರದಿಂದ, ಹಗಲಿನ ಬೆಳಕಿನಲ್ಲಿ, ತಂಗಿಯ ತೆರೆದ ಬಾಯಿಯನ್ನು ನೋಡಿದಳು. ಮೇಲಿನ ನಾಲ್ಕು ಮೊಂಡಾಗಿ ಹಳದಿ ತಿರುಳು ಕಾಣುತ್ತಿತ್ತು, ಎಡಗಡೆಯದು ಬುಡದ ತನಕ ಸೀಳಿತ್ತು, ಕೆಳಗಿನವು ಅಕ್ಕಿಕಾಳಿನಷ್ಟು ಉಳಿದಿದ್ದವು. ಆರು ವರ್ಷ ಒಂದೇ ಊರಲ್ಲಿದ್ದು, ಎಷ್ಟೋ ಸಲ ಎದುರುಬದುರು ಕೂತು ಉಂಡೂ, ಅವಳು ಅವನ್ನು ನೋಡಿರಲಿಲ್ಲ.

ಬೈದು ದಣಿದು ತಂಗಿ ನಿಂತಲ್ಲೇ ಕುಸಿದು ಕೂತಳು, ಅಕ್ಕನಿಗೆ ಬೆನ್ನು ಹಾಕಿ. ಯಾರೋ ನೀರಿನ ಬಾಟಲಿ ದಾಟಿಸಿದರು. ಆಗ ಕಚೇರಿಯ ಬಾಗಿಲು ತೆರೆದು ಮ್ಯಾನೇಜರು ಕರೆದರು, ದನಿಯಲ್ಲಿ ಮತ್ತೆ ನಗು ಕೂಡಿಸಿಕೊಂಡು: ‘ಮೇಡಂ, ಒಂದ್ನಿಮಿಷ ಒಳಗೆ ಬನ್ನಿ. ಕೂತು ಮಾತಾಡೋಣ. ಕಾಫಿ ತರಿಸ್ತೀನಿ.’ ಇಪ್ಪತ್ತೆರಡು ವರ್ಷದ ಅಭ್ಯಾಸ. ಕರೆದೊಡನೆ ಅವಳ ಕೈ ತಾನಾಗಿ ನೆಲಕ್ಕೆ ಊರಿ, ಮೈ ಅರ್ಧ ಎದ್ದಿತ್ತು.

‘ಎಲ್ಲಿಗೆ?’ ಎಂದಳು ತಂಗಿ, ತಿರುಗದೆ.

ಅದರಲ್ಲಿ ಕ್ಷಮೆ ಇರಲಿಲ್ಲ, ಹುಡುಕಿದರೂ ಇರಲಿಲ್ಲ. ಕಾದ ಸಿಮೆಂಟಿನ ಮೇಲೆ ಅವಳು ಮತ್ತೆ ಕೂತಳು.